ಏರಿಯಲ್ ಅಡಿಕೆ ಸುಳಿಗಿಂತ ಮೇಲಿರಲಿ



ಈ ಪುಟಗಳಲ್ಲಿ ಸಾಮಾನ್ಯವಾಗಿ ಅಡಿಕೆಯ ಧಾರಣೆ, ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಹೂಮಳೆ, ಕಾಂಡಕೊರಕ ಇವುಗಳ ಮಾತೇ ಹೆಚ್ಚು. ಅದೇ ಸರಿ. ಆದರೆ ಈ ಸಲ ನಾವು ಬೇರೊಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಅದು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ವಿಷಯ. ಅದರಲ್ಲೂ ಮುಖ್ಯವಾಗಿ, ನೆಟ್ಟಗೆ ನಿಲ್ಲಿಸಿದ ಏರಿಯಲ್ಲನ್ನು ನೆಲದಿಂದ ಎತ್ತರಿಸಿ ಕಟ್ಟುವ ವಿಷಯ. ಇದಕ್ಕೂ ತೋಟಕ್ಕೂ ಏನು ಸಂಬಂಧವೆಂದು ಹುಬ್ಬೇರಿಸದೆ ಕೊನೆಯವರೆಗೆ ಓದಬೇಕೆಂದು ವಿನಂತಿ.

ನಾವು ಎಂದರೆ ಮೂವರು. ಒಬ್ಬರು ತುಮಕೂರು ನಗರದ ಅಂಚಿನವರು, ಒಬ್ಬರು ಗುಬ್ಬಿ ತಾಲ್ಲೂಕಿನವರು, ಇನ್ನೊಬ್ಬರು ಕುಣಿಗಲ್ ಕಡೆಯವರು. ಮೂವರಿಗೂ ಅಡಿಕೆ, ತೆಂಗೇ ಜೀವನ. ಮೂವರೂ ಪರೀಕ್ಷೆ ಬರೆದು, ಸರ್ಕಾರದ ಪರವಾನಿಗೆ ಪಡೆದು, ಸಂಜೆ ಹೊತ್ತು ರೇಡಿಯೋದಲ್ಲಿ ಮಾತಾಡುವ ಗೀಳು ಹಚ್ಚಿಕೊಂಡವರು. ಈ ಗೀಳಿನ ಬಗ್ಗೆ ಮನೆಯವರಿಂದ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಮೇ ತಿಂಗಳ ರಾತ್ರಿ ಗುಬ್ಬಿ ಕಡೆ ಗಾಳಿಮಳೆ ಹೊಡೆಯಿತು. ತೆಂಗಿನ ಮರ ಉರುಳಿ ಕರೆಂಟಿನ ತಂತಿ ಹರಿಯಿತು. ಸ್ವಲ್ಪ ಹೊತ್ತಿಗೆಲ್ಲ ಮೊಬೈಲೂ ಸತ್ತಿತು. ಆ ರಾತ್ರಿಯೇ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರಿಗೆ ಹಾವು ಕಚ್ಚಿತು. ನಮ್ಮಲ್ಲಿ ಗುಬ್ಬಿಯವರ ಮನೆಯಲ್ಲಿ ರೇಡಿಯೋ ಇತ್ತು, ಬ್ಯಾಟರಿ ತುಂಬಿತ್ತು, ತುಮಕೂರಿನಲ್ಲಿ ಇನ್ನೊಬ್ಬರು ಸೆಟ್ಟಿನ ಮುಂದೆಯೇ ಕುಳಿತಿದ್ದರು. ನಡುವೆ ಇದ್ದದ್ದು 20 ಕಿಲೋಮೀಟರ್ ಅಷ್ಟೆ. ಹತ್ತು ಸಲ ಕೂಗಿದರೂ ಉತ್ತರ ಬರಲಿಲ್ಲ. ಕೊನೆಗೆ ಆ ಹಿರಿಯರ ಮಗ ಮಳೆಯಲ್ಲೇ ಬೈಕು ಹತ್ತಿ, ಸಿಗ್ನಲ್ ಸಿಗುವ ಕಡೆ ಹೋಗಿ, ಗಾಡಿ ಕರೆಸಿದ. ದೇವರ ದಯೆ, ಆ ಜೀವ ಉಳಿಯಿತು. ಆದರೆ ಪರವಾನಿಗೆ, ಸೆಟ್ಟು, ಬ್ಯಾಟರಿ ಎಲ್ಲ ಇದ್ದೂ ಒಂದು ಮಾತು ದಾಟಿಸಲಾಗಲಿಲ್ಲವೆಂಬ ನಾಚಿಕೆ ನಮ್ಮಲ್ಲಿ ಉಳಿಯಿತು.

ತಪ್ಪು ಯಾರದು? ನಮ್ಮದೇ. ಏರಿಯಲ್ಲನ್ನು ಪಂಪ್‌ಹೌಸಿನ ಸೂರಿನ ಮೇಲೆ, ನೆಲದಿಂದ ಹತ್ತು ಹನ್ನೆರಡು ಅಡಿಯಲ್ಲಿ, ತೋಟದ ನಟ್ಟನಡುವೆ ಕಟ್ಟಿದ್ದೆವು. ಸುತ್ತ ನಲವತ್ತು ಐವತ್ತು ಅಡಿ ಎತ್ತರದ ಅಡಿಕೆ ಮರಗಳು, ಮೇಲೆ ನೆನೆದ ಗರಿಗಳು. ಬಾವಿಯೊಳಗೆ ನಿಂತು ಪಕ್ಕದ ಊರಿನವರನ್ನು ಕೂಗಿದಂತಾಗಿತ್ತು.

ಎತ್ತರ ಏಕೆ ಬೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕೈಯಲ್ಲಿ ಹಿಡಿಯುವ ಸೆಟ್ಟುಗಳು ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಈ ಅಲೆಯ ಉದ್ದ ಸುಮಾರು 2 ಮೀಟರ್. ಇದು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತದೆ. ಭೂಮಿಯ ಉಬ್ಬು ಅಡ್ಡ ಬಂದಲ್ಲಿ ದುರ್ಬಲವಾಗುತ್ತದೆ. ಇದಕ್ಕೊಂದು ಸುಲಭ ಲೆಕ್ಕವಿದೆ. ಏರಿಯಲ್ಲಿನ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. 4 ಮೀಟರಿಗೆ 8 ಕಿಲೋಮೀಟರ್; 9 ಮೀಟರಿಗೆ 12; 16 ಮೀಟರಿಗೆ 16ಕ್ಕೂ ಸ್ವಲ್ಪ ಹೆಚ್ಚು. ಎರಡು ಕಡೆಯ ದಿಗಂತಗಳನ್ನೂ ಕೂಡಿಸಬೇಕು. ಎರಡೂ ಕಡೆ 4 ಮೀಟರ್ ಇದ್ದರೆ 16 ಕಿಲೋಮೀಟರಿಗೇ ನೋಟ ಮುಗಿಯುತ್ತದೆ, ಗುಬ್ಬಿಯಿಂದ ತುಮಕೂರು ಮುಟ್ಟುವುದಿಲ್ಲ. ಎರಡೂ ಕಡೆ 16 ಮೀಟರ್ ಇದ್ದರೆ 33 ಕಿಲೋಮೀಟರ್ ಆಗುತ್ತದೆ. ಇದು ಸಮತಟ್ಟು ಬಯಲಿನ ಲೆಕ್ಕ. ತುಮಕೂರಿನಿಂದ ಕುಣಿಗಲ್ ಸುಮಾರು 36 ಕಿಲೋಮೀಟರ್. ನಡುವೆ ದಿಣ್ಣೆ, ಗುಡ್ಡ, ತೋಪುಗಳಿವೆ. ಅಲ್ಲಿಗೆ ಇನ್ನೂ ಎತ್ತರ ಬೇಕು, ಇಲ್ಲವೇ ನಡುವೆ ಒಬ್ಬರು ಕೇಳಿ ಮುಂದಕ್ಕೆ ಹೇಳಬೇಕು. ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ: ದಿಗಂತ ಎರಡರಷ್ಟು ದೂರ ಹೋಗಬೇಕಾದರೆ ಎತ್ತರ ನಾಲ್ಕರಷ್ಟಾಗಬೇಕು. ಆದ್ದರಿಂದ ನೆಲಮಟ್ಟದಿಂದ ಮೊದಲು ಏರಿಸುವ ಹತ್ತು ಹದಿನೈದು ಮೀಟರಿನ ಲಾಭವೇ ದೊಡ್ಡದು.

ತೋಟದವರಿಗೆ ಇನ್ನೂ ಒಂದು ತೊಡಕು. ಕೈಸೆಟ್ಟಿನ ಏರಿಯಲ್ ನೆಟ್ಟಗೆ ನಿಂತಿರುತ್ತದೆ. ಆದ್ದರಿಂದ ಮನೆಯ ಏರಿಯಲ್ಲೂ ನೆಟ್ಟಗೇ ಇರಬೇಕು. ಒಂದು ನೆಟ್ಟಗೆ, ಇನ್ನೊಂದು ಅಡ್ಡಕ್ಕೆ ಇದ್ದರೆ ಸಿಗುವ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿಯಬಹುದು. ಆದರೆ ನೆಟ್ಟನೆಯ ಅಲೆಯನ್ನು ನೆಟ್ಟನೆಯ ಕಾಂಡಗಳೇ ಹೆಚ್ಚು ನುಂಗುತ್ತವೆ. ಅಡಿಕೆ ತೋಟದಲ್ಲಿ ನೆಟ್ಟನೆಯ ಕಾಂಡಕ್ಕೇನು ಬರವೇ? ಅದಕ್ಕೆ ಮದ್ದು ಒಂದೇ: ಏರಿಯಲ್ ಸುಳಿಗಿಂತ ಮೇಲಿರಬೇಕು, ಅಥವಾ ತೋಟದಿಂದ ಹೊರಗಿರಬೇಕು. ಸಾಲ ಮಾಡಿ ಹೆಚ್ಚು ಶಕ್ತಿಯ ಸೆಟ್ಟು ಕೊಳ್ಳುವ ಬದಲು ನಾಲ್ಕು ಉದ್ದ ಪೈಪು ಕೊಳ್ಳುವುದು ಲೇಸೆಂಬುದು ನಮ್ಮ ಅನುಭವ.

ನಾವು ಮಾಡಿದ್ದು ಇಷ್ಟೆ. ಪಂಪ್‌ಹೌಸಿನಿಂದ ಏರಿಯಲ್ ಬಿಚ್ಚಿ, ತೋಟದ ಹೊರಗಿರುವ ಮನೆಯ ತಾರಸಿಯ ಮೇಲೆ ಜಿ.ಐ. ಪೈಪು ನಿಲ್ಲಿಸಿ, ಮೂರು ಕಡೆ ಎಳೆತಂತಿ ಬಿಗಿದು, ನೆಲದಿಂದ ಸುಮಾರು 13 ಮೀಟರಿಗೆ ಏರಿಸಿದೆವು. ಏರಿಯಲ್ ಎಂದರೆ ಅಂಗಡಿಯ ಸಾಮಾನೇನಲ್ಲ: ಅರ್ಧ ಮೀಟರಿನ ಒಂದು ಸರಳು ಮೇಲಕ್ಕೆ, ಅಷ್ಟೇ ಉದ್ದದ ನಾಲ್ಕು ಸರಳು ಛತ್ರಿಯ ಕಡ್ಡಿಗಳಂತೆ ಕೆಳಕ್ಕೆ ಇಳಿಬಿದ್ದವು. ಈ ಕಡ್ಡಿಗಳಿಗೆ ರೇಡಿಯಲ್ ಎನ್ನುತ್ತಾರೆ. ಅವು ಅಡ್ಡಕ್ಕೆ ಚಾಚಿದ್ದರೆ ಏರಿಯಲ್ಲಿನ ತಡೆ ಸುಮಾರು 36 ಓಮ್ ಇರುತ್ತದೆ. 45 ಡಿಗ್ರಿ ಇಳಿಬಿಟ್ಟರೆ 50 ಓಮಿಗೆ ಹತ್ತಿರ ಬಂದು ಕೇಬಲ್ಲಿಗೆ ಹೊಂದುತ್ತದೆ. ಆ ಸಂಜೆಯೇ ತುಮಕೂರಿನ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿತು.

ಎತ್ತರಕ್ಕೆ ತೆರಬೇಕಾದ ಸುಂಕವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಏರಿಯಲ್ ಮೇಲೆ ಹೋದಷ್ಟೂ ಕೇಬಲ್ ಉದ್ದವಾಗುತ್ತದೆ. ಆರ್‌ಜಿ-58 ಎಂಬ ತೆಳು ಕೇಬಲ್ 30 ಮೀಟರ್ ಎಳೆದರೆ ಈ ಪಟ್ಟಿಯಲ್ಲಿ ಶಕ್ತಿಯ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ. ದಪ್ಪನೆಯ ಆರ್‌ಜಿ-213 ಆದರೆ ಅರ್ಧದಷ್ಟಾದರೂ ಮೇಲೆ ಮುಟ್ಟುತ್ತದೆ. ಸಣ್ಣ ಪೈಪಿನಲ್ಲಿ ದೂರಕ್ಕೆ ನೀರು ಹಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದು ತಾಲ್ಲೂಕಿನಿಂದ ತಾಲ್ಲೂಕಿಗೆ ಮಾತಾಡುವ ಬಗೆಯಾಯಿತು. ರಾಜ್ಯದ ಹೊರಗೆ, ಸಾವಿರಾರು ಕಿಲೋಮೀಟರ್ ದೂರಕ್ಕೆ ಮಾತು ಮುಟ್ಟಬೇಕಾದರೆ 7 ಮೆಗಾಹರ್ಟ್ಸಿನಂಥ ಕಿರುತರಂಗ ಬೇಕು. ಅಲ್ಲಿ ಅಲೆಯ ಉದ್ದ 40 ಮೀಟರಿಗೂ ಮೇಲೆ. ಅದರ ಕಾಲು ಭಾಗದ ನೆಟ್ಟನೆಯ ಏರಿಯಲ್ ಎಂದರೆ ಸುಮಾರು 10 ಮೀಟರಿನ ತಂತಿ. ಇದು ಅಲೆಗಳನ್ನು ದಿಗಂತದ ಕಡೆಗೆ ತಗ್ಗಿನ ಕೋನದಲ್ಲಿ ಕಳಿಸುತ್ತದೆ. ಅವು ಆಕಾಶದ ಅಯಾನು ಪದರಕ್ಕೆ ತಾಗಿ ದೂರದಲ್ಲಿ ಇಳಿಯುತ್ತವೆ.

ಇಂಥ ಏರಿಯಲ್ಲಿಗೆ ನೆಲವೇ ಇನ್ನೊಂದು ಅರ್ಧ. ವಿದ್ಯುತ್ತು ಹರಿದು ಹಿಂದಿರುಗಬೇಕಷ್ಟೆ? ಹಿಂದಿರುಗುವ ದಾರಿ ಬರಿಯ ಮಣ್ಣಾದರೆ ಶಕ್ತಿಯೆಲ್ಲ ಮಣ್ಣನ್ನು ಕಾಯಿಸಲು ವ್ಯಯವಾಗುತ್ತದೆ. ಮಣ್ಣುಗಾಲುವೆಯಲ್ಲಿ ಬಿಟ್ಟ ನೀರು ಗಿಡ ಮುಟ್ಟುವ ಮೊದಲೇ ಇಂಗಿಹೋಗುವಂತೆ ಇದು. ಅದಕ್ಕೆಂದೇ 1937ರಲ್ಲಿ ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರುಗಳು ನೆಲದಲ್ಲಿ ತಂತಿ ಹೂತು ಅಳೆದು ನೋಡಿದರು. ತಂತಿ ಹೆಚ್ಚಿದಷ್ಟೂ ನಷ್ಟ ತಗ್ಗುವುದೆಂದು ತೋರಿಸಿದರು. ಪ್ರಸಾರ ಕೇಂದ್ರಗಳ ಕಂಬದ ಸುತ್ತ 120 ತಾಮ್ರದ ತಂತಿ ಹೂಳುವ ರೂಢಿ ಬೆಳೆದದ್ದು ಹೀಗೆ.

ಈ ರೂಢಿಯನ್ನು ನಮ್ಮ ತೋಟಕ್ಕೆ ತಂದರೆ ಏನಾದೀತು? 120 ತಂತಿ, ಒಂದೊಂದೂ 10 ಮೀಟರ್, ಒಟ್ಟು 1,200 ಮೀಟರ್ ತಾಮ್ರ. ಅದನ್ನು ಹೂಳಲು ತೋಟವನ್ನೇ ಸೀಳಬೇಕು. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಗುದ್ದಲಿ ಬಿದ್ದಲ್ಲೆಲ್ಲ ಬೇರಿಗೆ ಪೆಟ್ಟು. ಟಿಲ್ಲರು ಓಡಿದ ದಿನವೇ ತಂತಿ ಚೂರಾಗುತ್ತದೆ. ಬೋರ್‌ವೆಲ್ಲಿನ ಕೇಬಲ್ಲನ್ನೇ ಉಳಿಸಿಕೊಳ್ಳಲು ಕಷ್ಟಪಡುವ ನಾವು 1,200 ಮೀಟರ್ ತಾಮ್ರವನ್ನು ಕಳ್ಳರಿಂದ ಕಾಯುವುದೆಂತು?

ಇಲ್ಲಿಯೇ ಎತ್ತರಿಸಿದ ಏರಿಯಲ್ಲಿನ ಗುಣ ಕಾಣುವುದು. ತಂತಿಗಳನ್ನು ಮಣ್ಣಿನಲ್ಲಿ ಹೂಳದೆ ನೆಲದಿಂದ ಎರಡೂವರೆ ಮೂರು ಮೀಟರ್ ಮೇಲೆ ಕಟ್ಟಿದರೆ ಹಿಂದಿರುಗುವ ವಿದ್ಯುತ್ತು ಮಣ್ಣಿಗಿಳಿಯದೆ ತಂತಿಯಲ್ಲೇ ಹರಿಯುತ್ತದೆ. ಮಣ್ಣುಗಾಲುವೆಯ ಬದಲು ಪೈಪು ಹಾಕಿದಂತೆ. 1988ರಲ್ಲಿ ಅಲ್ ಕ್ರಿಸ್ಟ್‌ಮನ್ ಎಂಬವರು ಕ್ಯೂಎಸ್‌ಟಿ ಪತ್ರಿಕೆಯಲ್ಲಿ, ಹೀಗೆ ಎತ್ತರಿಸಿದ ನಾಲ್ಕು ತಂತಿಗಳು ಹೂತ 120 ತಂತಿಗಳಿಗೆ ಹೆಚ್ಚುಕಡಿಮೆ ಸಮನೆಂದು ಗಣಕಯಂತ್ರದ ಲೆಕ್ಕದಿಂದ ತೋರಿಸಿದರು. ಇದನ್ನು ಒಪ್ಪದವರೂ ಇದ್ದರು. ಮುಂದೆ ರೂಡಿ ಸೆವರ್ನ್ಸ್ ಎಂಬ ಹವ್ಯಾಸಿ ಬಯಲಿನಲ್ಲಿ ತಂತಿ ಹಾಸಿ, ಎತ್ತಿ, ಅಳೆದು, 2010ರ ಹೊತ್ತಿಗೆ ಪ್ರಕಟಿಸಿದ ಫಲಿತಾಂಶಗಳೂ ಹೆಚ್ಚಾಗಿ ಅದೇ ದಿಕ್ಕಿನಲ್ಲಿದ್ದವು. ಆದರೆ ಅವರು ಒಂದು ಎಚ್ಚರಿಕೆ ಕೊಟ್ಟರು: ತಂತಿ ನಾಲ್ಕೇ ಇದ್ದಾಗ ನಾಲ್ಕೂ ಸಮ ಉದ್ದ, ಸಮ ಎತ್ತರದಲ್ಲಿರಬೇಕು, ಇಲ್ಲವಾದರೆ ಒಂದೇ ತಂತಿ ಹೊರೆಯೆಲ್ಲ ಹೊತ್ತು ಉಳಿದವು ಸುಮ್ಮನಿರುತ್ತವೆ. ಸಂಘದಲ್ಲಿ ನಡೆಯುವುದೂ ಇದೇ ಅಲ್ಲವೇ ಎಂದು ನಮ್ಮಲ್ಲೊಬ್ಬರು ನಕ್ಕರು.

ಇದಕ್ಕೆ ಗೋಪುರ ಬೇಡ. ಅಡಿಕೆಗಿಂತ ಎತ್ತರದ ಎರಡು ತೆಂಗಿನ ಮರಗಳ ನಡುವೆ, ಆಚೀಚೆ ತುಸು ಬಯಲಿರುವ ಕಡೆ, 14 ಮೀಟರ್ ಎತ್ತರದಲ್ಲಿ ನೈಲಾನ್ ಹಗ್ಗ ಕಟ್ಟಿ, ಹಗ್ಗದ ನಡುಮಧ್ಯದಿಂದ 10 ಮೀಟರಿನ ತಂತಿ ಇಳಿಬಿಟ್ಟೆವು. ತಂತಿಯ ಕೆಳತುದಿ ಆಳೆತ್ತರಕ್ಕಿಂತ ಸಾಕಷ್ಟು ಮೇಲೆ ನಿಂತಿತು. ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ತಂತಿ ಎಳೆದು ಬಿದಿರಿನ ಗೂಟಗಳಿಗೆ ಕಟ್ಟಿದೆವು. ಒಟ್ಟು 50 ಮೀಟರ್ ತಂತಿಯಲ್ಲಿ ಕೆಲಸ ಮುಗಿಯಿತು. ಸೇರುವ ಕಡೆ ಕೇಬಲ್ಲನ್ನು ಹತ್ತು ಸುತ್ತು ಸುರುಳಿ ಸುತ್ತಬೇಕು; ಇಲ್ಲದಿದ್ದರೆ ಕೇಬಲ್ಲೇ ಐದನೆಯ ರೇಡಿಯಲ್ ಆಗಿ ಸದ್ದುಗದ್ದಲವನ್ನು ಮನೆಯೊಳಗೆ ತರುತ್ತದೆ. ಮರ ಗಾಳಿಗೆ ತೂಗುವುದರಿಂದ ಹಗ್ಗದ ಒಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ ಕಲ್ಲಿನ ತೂಕ ಕಟ್ಟಿದ್ದೇವೆ. ಮರಕ್ಕೆ ಮೊಳೆ ಹೊಡೆಯಬೇಡಿ. ತೆಂಗಿನ ಕಾಂಡದ ಗಾಯ ಕೆಂಪು ಮೂತಿ ಹುಳುವಿಗೆ ಕೊಟ್ಟ ಆಮಂತ್ರಣ. ಅಗಲ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಸಾಕು.

ಹಾಗೆಂದು ನೆಟ್ಟನೆಯ ಏರಿಯಲ್ಲೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ತುಮಕೂರಿನಿಂದ ಮಡಿಕೇರಿಗೋ ಚಿಕ್ಕಮಗಳೂರಿಗೋ ಕಿರುತರಂಗದಲ್ಲಿ ಮಾತಾಡಲು ಅಡ್ಡಕ್ಕೆ, ತಗ್ಗಿನಲ್ಲಿ ಕಟ್ಟಿದ ತಂತಿಯೇ ಮೇಲು. ಅದರ ಅಲೆ ನೆತ್ತಿಯ ಮೇಲಕ್ಕೆ ಹೋಗಿ ಸುತ್ತಲಿನ ಜಿಲ್ಲೆಗಳ ಮೇಲೆ ಇಳಿಯುತ್ತದೆ. ನೆಟ್ಟನೆಯದು ಅವರ ತಲೆಯ ಮೇಲಿಂದ ಹಾರಿಹೋಗುತ್ತದೆ. ಆದ್ದರಿಂದ ತಾಲ್ಲೂಕುಗಳ ನಡುವೆ ಎತ್ತರದ ನೆಟ್ಟನೆಯ ಸಣ್ಣ ಏರಿಯಲ್, ಪಕ್ಕದ ಜಿಲ್ಲೆಗಳಿಗೆ ಅಡ್ಡ ತಂತಿ, ಬಹುದೂರಕ್ಕೆ ನೆಟ್ಟನೆಯ ಉದ್ದ ತಂತಿ: ಮೂರಕ್ಕೂ ಅದರದರ ಕೆಲಸವಿದೆ. ಮೊದಲು ಆಗಬೇಕಾದದ್ದು ತಾಲ್ಲೂಕಿನದು.

ಈಗ ಎಚ್ಚರಿಕೆಯ ಮಾತು. ಇದನ್ನು ಯಾರೂ ಹಾರಿಸಿ ಓದಬಾರದು. ಅಲ್ಯೂಮಿನಿಯಂ ಏಣಿ, ದೋಟಿ ಕರೆಂಟಿನ ತಂತಿಗೆ ತಾಗಿ ಜೀವ ಹೋದ ಮನೆಗಳು ನಮ್ಮ ನಡುವೆಯೇ ಇವೆ. ಏರಿಯಲ್ ಕಂಬಕ್ಕೂ ಅದೇ ಅಪಾಯ. ಕಂಬ ಯಾವ ಕಡೆ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿ ಮಾತ್ರ ನಿಲ್ಲಿಸಬೇಕು. ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರವೆಂದು ಅದನ್ನೇ ಕಂಬ ಮಾಡುವ ಆಸೆ ನಮಗೂ ಬಂದಿತ್ತು. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಏರಿಯಲ್ಲಿಗೂ ಕೇಡು, ಜೀವಕ್ಕೂ ಕೇಡು. ಒಣ ಬಿದಿರು ಅಥವಾ ಫೈಬರ್ ಗ್ಲಾಸ್ ಕೋಲು ಮಾತ್ರ ಸರಿ. ರೇಡಿಯಲ್ ತಂತಿಗಳ ತುದಿಯಲ್ಲಿ ಮಾತಾಡುವಾಗ ಹೆಚ್ಚು ಒತ್ತಡದ ವಿದ್ಯುತ್ತಿರುವುದರಿಂದ ಮಕ್ಕಳ ಕೈಗೆ, ದನಗಳ ಕೊಂಬಿಗೆ ಸಿಗದ ಎತ್ತರ ಇರಲೇಬೇಕು. ಇನ್ನು ಸಿಡಿಲು: ತೆಂಗಿನ ಮರಕ್ಕೆ ಸಿಡಿಲು ಬಡಿಯುವುದನ್ನು ಕಂಡಿರುವ ನಾವು ಎತ್ತರದ ಲೋಹವನ್ನು ಲಘುವಾಗಿ ನೋಡಬಾರದು. ಕಂಬಕ್ಕೆ ಅರ್ಥಿಂಗ್ ಇರಲಿ. ಮೋಡ ಕಟ್ಟುತ್ತಿದ್ದಂತೆಯೇ ಕೇಬಲ್ಲನ್ನು ಮನೆಯ ಹೊರಗೇ ಬಿಚ್ಚಿಡಿ. ಗುಡುಗುವಾಗ ಸೆಟ್ಟು ಮುಟ್ಟಬೇಡಿ. ಮಾತು ಬೇಕಾಗುವುದು ಹೆಚ್ಚಾಗಿ ಸಿಡಿಲು ಹಾದುಹೋದ ನಂತರವೇ.

"ಏನ್ ಸ್ವಾಮಿ, ಮನೆಮನೆಗೂ ಮೊಬೈಲ್ ಇರೋವಾಗ ಇದ್ಯಾಕೆ?" ಎಂದು ಗುಬ್ಬಿಯ ಹಿರಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊಬೈಲ್ ಕೆಲಸ ಮಾಡುವುದು ಟವರಿನಿಂದ. ಟವರಿಗೆ ಕರೆಂಟು ಬೇಕು, ಕೇಬಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಮಕ್ಕಂದೂರು, ಜೋಡುಪಾಲದ ಕಡೆ ರಸ್ತೆ, ಕರೆಂಟು, ಫೋನು ಒಟ್ಟಿಗೇ ಕಡಿದುಹೋದದ್ದನ್ನು ನಮ್ಮ ಕಾಫಿ ಬೆಳೆಗಾರ ಬಂಧುಗಳು ಮರೆತಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡದವರು ತಮ್ಮ ರೇಡಿಯೋದಿಂದ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು. 2024ರ ಜುಲೈ 30ರ ವಯನಾಡಿನ ಭೂಕುಸಿತದಲ್ಲಿಯೂ ಹವ್ಯಾಸಿಗಳು ಸಂದೇಶ ದಾಟಿಸಲು ನಿಂತರು. ನಮ್ಮದು ಬಯಲುಸೀಮೆ, ಇಲ್ಲಿ ಗುಡ್ಡ ಜರಿಯುವುದಿಲ್ಲ ಎನ್ನಬಹುದು. ಆದರೆ 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟು ಕೆರೆಗಳು ಕೋಡಿ ಬಿದ್ದವೆಂಬುದು ನೆನಪಿರಲಿ. ಕೆರೆ ಏರಿ ಬಿರಿಯುತ್ತಿದೆಯೆಂದು ಕೆಳಗಿನ ಊರಿಗೆ ಹೇಳಲು ಹತ್ತು ನಿಮಿಷ ಸಿಕ್ಕರೂ ಅದು ಹತ್ತು ಮನೆಗಳ ಬದುಕು.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು: ಇದರಿಂದ ಸಂಘಕ್ಕೇನು ಲಾಭ? ನೇರವಾಗಿ ಹೇಳುತ್ತೇವೆ, ವ್ಯಾಪಾರದ ಲಾಭ ಏನೂ ಇಲ್ಲ. ಹವ್ಯಾಸಿ ರೇಡಿಯೋದಲ್ಲಿ ವ್ಯಾಪಾರದ ಮಾತಿಗೆ ನಿಷೇಧವಿದೆ. ಅಡಿಕೆಯ ಧಾರಣೆ, ಲಾರಿಯ ಬಾಡಿಗೆ, ಹರಾಜಿನ ಸುದ್ದಿ ಇದರಲ್ಲಿ ಆಡುವಂತಿಲ್ಲ. ಪರವಾನಿಗೆ ಇಲ್ಲದವರು ಸೆಟ್ಟಿನಲ್ಲಿ ಮಾತಾಡುವಂತೆಯೂ ಇಲ್ಲ. ಲಾಭವಿಲ್ಲದ ಕೆಲಸಕ್ಕೆ ಸಹಕಾರ ಸಂಘ ಕೈಹಾಕಬೇಕೆ? ಕೈಹಾಕಬೇಕೆಂಬುದು ನಮ್ಮ ಖಚಿತ ಅಭಿಮತ. ಊರ ಬಾವಿ, ಅರವಟ್ಟಿಗೆ, ಗುಂಡುತೋಪುಗಳನ್ನು ನಮ್ಮ ಹಿರಿಯರು ಲಾಭಕ್ಕಾಗಿ ಮಾಡಲಿಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣ ಪ್ರಸಾರ ಯಂತ್ರ ನಡೆಸಿದಾಗಲೂ ಲಾಭದ ಲೆಕ್ಕ ಹಾಕಿರಲಿಲ್ಲ. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಸಂಘದ ಕಟ್ಟಡ ಅಥವಾ ಗೋದಾಮಿನ ತಾರಸಿಯ ಮೇಲೆ ಪರವಾನಿಗೆ ಇರುವ ಸದಸ್ಯರು ಒಂದೊಂದು ಕಂಬ ನಿಲ್ಲಿಸಲು ಅನುಮತಿ ಕೊಡಬೇಕು. ಎರಡನೆಯದು, ಒಂದೊಂದು ಕಡೆಗೂ 12 ವೋಲ್ಟಿನ ಬ್ಯಾಟರಿ ಮತ್ತು ಸಣ್ಣ ಸೌರಫಲಕ ಒದಗಿಸಬೇಕು. ಟ್ರ್ಯಾಕ್ಟರಿನ ಬ್ಯಾಟರಿಯೇ ಆದೀತು. ಮೂರನೆಯದು, ಸದಸ್ಯರ ಮಕ್ಕಳಿಗೆ ಪರೀಕ್ಷೆಯ ತರಬೇತಿ ಏರ್ಪಡಿಸಬೇಕು. 12 ವರ್ಷ ದಾಟಿದ ಹುಡುಗ ಹುಡುಗಿಯರೂ ಬರೆಯಬಹುದು. ಬೆಂಗಳೂರಿನ ಹವ್ಯಾಸಿ ಸಂಸ್ಥೆಗಳ ಅನುಭವಿಗಳು ಕರೆದರೆ ಬಂದಾರೆಂಬ ಭರವಸೆ ನಮಗಿದೆ. ನಾಲ್ಕನೆಯದು, ವಾರಕ್ಕೊಂದು ಸಂಜೆ ಮೂರೂ ಕಡೆಯವರು ತಪ್ಪದೆ ಮಾತಾಡಿ ಅಭ್ಯಾಸ ಮಾಡಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸವಾದರೆ ಏನಾಗುತ್ತದೆಂಬುದನ್ನು ಆ ಮೇ ತಿಂಗಳ ರಾತ್ರಿ ನಾವು ಕಂಡಿದ್ದೇವೆ.

ಇದಕ್ಕೆ ತಗಲುವ ಹಣ ದೊಡ್ಡದಲ್ಲ. ಒಂದು ಸಾಮಾನ್ಯ ಕೈಸೆಟ್ಟಿನ ಬೆಲೆ ಒಂದು ಕ್ವಿಂಟಾಲ್ ಅಡಿಕೆಯ ಬೆಲೆಗಿಂತ ಎಷ್ಟೋ ಕಡಿಮೆ. ಬೇಕಾದದ್ದು ಮನಸ್ಸು, ಮತ್ತು ಹತ್ತು ಹದಿನೈದು ಮೀಟರ್ ಎತ್ತರ.

ತೋಟದಲ್ಲಿ ಬಿಸಿಲಿಗಾಗಿ ಪ್ರತಿ ಮರವೂ ಮೇಲೇರುವುದನ್ನು ದಿನವೂ ನೋಡುವವರು ನಾವು. ನಮ್ಮ ಕೂಗು ಊರಿಂದೂರಿಗೆ ಕೇಳಬೇಕಾದರೆ ಏರಿಯಲ್ಲೂ ಸುಳಿಯ ಮೇಲೆ ತಲೆಯೆತ್ತಿ ನಿಲ್ಲಬೇಕು. ಸದಸ್ಯರು ಸಾಧಕಬಾಧಕಗಳನ್ನು ಯೋಚಿಸಿ, ಸಭೆಯಲ್ಲಿ ಒಪ್ಪುವುದಾದರೆ ಒಪ್ಪಲಿ, ಬೇಡವೆನ್ನುವುದಾದರೆ ಕಾರಣ ಹೇಳಿ ಬೇಡವೆನ್ನಲಿ. ಮಳೆಗಾಲ ಮಾತ್ರ ನಮ್ಮ ಸಭೆಯ ತೀರ್ಮಾನಕ್ಕೆ ಕಾಯುವುದಿಲ್ಲ.